ಬ್ಲಾಕ್ ಇಲ್ಲ ಅಂತ ರಿಪೋರ್ಟ್, ಆದರೆ "ನಾಳದ ಉರಿಯೂತ ಇರಬಹುದು" ಅಂತಲೂ ಇದೆ. ಅರ್ಥ ಏನು?

ಮುಂಜಾವು

ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ. ಎರಡು ತಿಂಗಳಿಂದ ಮೆಟ್ಟಿಲು ಹತ್ತಿದರೆ ಎದೆ ಬಿಗಿದ ಹಾಗೆ ಆಗುತ್ತಿತ್ತು. ನಿಂತರೆ ಹೋಗುತ್ತಿತ್ತು. ಡಾಕ್ಟರು ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳ ಸ್ಕ್ಯಾನ್, ಅಂದರೆ ಸಿಟಿ ಕೊರೊನರಿ ಆಂಜಿಯೋಗ್ರಾಮ್ ಮಾಡಿಸಿ ಅಂದರು. ಹೋದ ವಾರ ಮಾಡಿಸಿದೆ.

ರಿಪೋರ್ಟಿನ ಮೊದಲ ಪುಟ ಓದಿ ಹೋದ ಜೀವ ಬಂತು. ದೊಡ್ಡ ಬ್ಲಾಕ್ ಎಲ್ಲೂ ಇಲ್ಲ. ಎಡಗಡೆಯ ಎಲ್‌ಎಡಿ ನಾಳದಲ್ಲಿ ಸಣ್ಣದೊಂದು ಪ್ಲಾಕ್ (ಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬಿನ ಪದರ) ಇದೆ, ನಾಳ ಕಿರಿದಾಗಿರುವುದು ಶೇಕಡ 25ಕ್ಕಿಂತ ಕಡಿಮೆ. ಕ್ಯಾಲ್ಸಿಯಂ ಸ್ಕೋರ್ 8. ಎರಡನೇ ಪುಟದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: "ಬಲ ಕೊರೊನರಿ ನಾಳದ ಸುತ್ತಲಿನ ಕೊಬ್ಬಿನ ಎಫ್‌ಎಐ ಮೈನಸ್ 66. ನಾಳದ ಉರಿಯೂತ ಇರಬಹುದು."

ಡಾಕ್ಟರನ್ನು ನೋಡಲು ಇನ್ನೂ ಒಂಬತ್ತು ದಿನ ಇದೆ. ಅಷ್ಟರಲ್ಲಿ ಈ ಸಾಲು ತಲೆ ಕೊರೆಯುತ್ತಿದೆ. ಬ್ಲಾಕ್ ಇಲ್ಲ ಅಂದಮೇಲೆ ಉರಿಯೂತ ಎಲ್ಲಿಂದ ಬಂತು? ಉರಿಯೂತ ಅನ್ನೋದು ಸ್ಕ್ಯಾನಿನಲ್ಲಿ ಕಾಣುತ್ತದಾ? ಕೊಬ್ಬಿಗೂ ಅದಕ್ಕೂ ಏನು ಸಂಬಂಧ?

ಇಷ್ಟು ಚಿಂತೆಗೆ ಕಾರಣ ನನ್ನ ಅಣ್ಣ. ಮೂರು ವರ್ಷದ ಹಿಂದೆ ಅವನ ಟ್ರೆಡ್‌ಮಿಲ್ ಟೆಸ್ಟ್ ನಾರ್ಮಲ್ ಬಂದಿತ್ತು. ಮನೆಯವರೆಲ್ಲ ನಿರಾಳವಾಗಿದ್ದೆವು. ಏಳು ತಿಂಗಳಿಗೆ ಹೃದಯಾಘಾತ ಆಯಿತು. ಉಳಿದುಕೊಂಡ, ಆದರೆ ಮೊದಲಿನ ಹಾಗೆ ಇಲ್ಲ. ಅವತ್ತಿನಿಂದ "ನಾರ್ಮಲ್" ಅನ್ನೋ ಮಾತು ಕೇಳಿದರೆ ನನಗೆ ಧೈರ್ಯ ಬರುವುದಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಗಟ್ಟಿಬೇರು

ನನ್ನ ತಂಗಿಗೂ ಹೃದಯದ ಸುತ್ತ ಉರಿಯೂತ ಅಂತ ಹೇಳಿದ್ದರು. ಮಲಗಿದರೆ ನೋವು ಜಾಸ್ತಿ, ಮುಂದಕ್ಕೆ ಬಗ್ಗಿ ಕೂತರೆ ಕಡಿಮೆ. ಎರಡು ವಾರ ಮಾತ್ರೆ ತೆಗೆದುಕೊಂಡ ಮೇಲೆ ಸರಿಹೋಯಿತು. ನಿಮಗೂ ಅದೇ ಇರಬಹುದು, ಹೆದರಬೇಡಿ.

ವಾರ್ಡ್ ರೌಂಡ್ಸ್

ಗಟ್ಟಿಬೇರು ಅವರೇ, ನಿಮ್ಮ ತಂಗಿಗೆ ಆಗಿದ್ದು ಬಹುಶಃ ಪೆರಿಕಾರ್ಡೈಟಿಸ್. ಹೃದಯವನ್ನು ಮುಚ್ಚಿರುವ ಚೀಲದ ಉರಿಯೂತ ಅದು. ಹೃದಯದ ಸ್ನಾಯುವಿಗೇ ಉರಿಯೂತ ಬಂದರೆ ಮಯೋಕಾರ್ಡೈಟಿಸ್. ಅದನ್ನು ನೋಡಲು ಎಂಆರ್‌ಐ ಒಳ್ಳೆಯದು. ಮುಂಜಾವು ಅವರ ರಿಪೋರ್ಟು ಹೇಳುತ್ತಿರುವುದು ಮೂರನೆಯದು. ಹೃದಯಕ್ಕೆ ರಕ್ತ ಕೊಡುವ ನಾಳಗಳ ಗೋಡೆಯ ಉರಿಯೂತ. ಮೂರಕ್ಕೂ ಒಂದೇ ಪದ ಬಳಸುತ್ತೇವೆ, ಅದಕ್ಕೇ ಗೊಂದಲ. ಲಕ್ಷಣ, ಕಾರಣ, ಚಿಕಿತ್ಸೆ ಎಲ್ಲ ಬೇರೆ ಬೇರೆ.

ನಾನು ಫಿಸಿಷಿಯನ್. ರಾತ್ರಿ ಡ್ಯೂಟಿ ಮುಗಿಸಿ ವಿವರವಾಗಿ ಬರೆಯುತ್ತೇನೆ. ಮುಂಜಾವು ಅವರೇ, ಒಂದು ಮಾತು ಈಗಲೇ. ಸುಮ್ನೆ ಕೂತಾಗಲೂ ಎದೆ ಬಿಗಿದು ಕೆಲವು ನಿಮಿಷದಲ್ಲಿ ಹೋಗದಿದ್ದರೆ, ತೋಳಿಗೋ ದವಡೆಗೋ ನೋವು ಹಬ್ಬಿದರೆ, ತಣ್ಣನೆ ಬೆವರಿದರೆ, ಒಂಬತ್ತು ದಿನ ಕಾಯಬೇಡಿ. ಆ ಕ್ಷಣವೇ ಎಮರ್ಜೆನ್ಸಿಗೆ ಹೋಗಿ.

ಸ್ಕ್ಯಾನ್ ಕೋಣೆ

ನಾನು 14 ವರ್ಷದಿಂದ ಸಿಟಿ ಟೆಕ್ನಿಷಿಯನ್. ಚಿತ್ರ ಹೇಗೆ ಬರುತ್ತದೆ ಅನ್ನೋದನ್ನು ನಾನು ಹೇಳಬಲ್ಲೆ. ಚಿಕಿತ್ಸೆ ಡಾಕ್ಟರ ಕೆಲಸ.

ಮೊದಲು ಆ ಮೈನಸ್ ಗುರುತು. ಸಿಟಿಯಲ್ಲಿ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಇರುತ್ತದೆ. ಅದನ್ನು ಹೌನ್ಸ್‌ಫೀಲ್ಡ್ ಯೂನಿಟ್ ಅನ್ನುತ್ತೇವೆ. ಸಿಟಿ ಸ್ಕ್ಯಾನರ್ ಕಟ್ಟಿ 1979ರಲ್ಲಿ ನೊಬೆಲ್ ಹಂಚಿಕೊಂಡ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಹೆಸರು. ನೀರಿಗೆ 0, ಗಾಳಿಗೆ ಮೈನಸ್ 1000. ಮೂಳೆ ನೂರಾರು ಪ್ಲಸ್. ಕೊಬ್ಬು ನೀರಿಗಿಂತ ಹಗುರ, ಹಾಗಾಗಿ ಅದು ಮೈನಸ್ 190ರಿಂದ ಮೈನಸ್ 30ರ ಒಳಗೆ ಬರುತ್ತದೆ.

ಕೊರೊನರಿ ನಾಳಗಳು ಹೃದಯದ ಮೇಲೆ ಬರಿದಾಗಿ ಹರಿಯುವುದಿಲ್ಲ. ಕೊಬ್ಬಿನ ಹಾಸಿಗೆಯಲ್ಲಿ ಹುದುಗಿಕೊಂಡಿರುತ್ತವೆ. ತೆಳ್ಳಗಿರುವವರಲ್ಲೂ ಇದು ಇದ್ದೇ ಇರುತ್ತದೆ. ನಾವು ಇಷ್ಟು ವರ್ಷ ಅದನ್ನು ಗಮನಿಸುತ್ತಲೇ ಇರಲಿಲ್ಲ. ಚಿತ್ರಕ್ಕಾಗಿ ಇಂಜೆಕ್ಷನ್ನಿನಲ್ಲಿ ಕೊಡುವ ಔಷಧ ನಾಳದ ಒಳಗೆ ಬಿಳಿಯಾಗಿ ತುಂಬಿದೆಯಾ, ಎಲ್ಲಾದರೂ ಕಿರಿದಾಗಿದೆಯಾ, ಅಷ್ಟೇ ನೋಡುತ್ತಿದ್ದೆವು. ಸುತ್ತಲಿನ ಬೂದು ಭಾಗ ನಮಗೆ ಬರೀ ಹಿನ್ನೆಲೆ.

ನಾಳದ ಗೋಡೆಯಲ್ಲಿ ಉರಿಯೂತ ಇದ್ದರೆ ಅದಕ್ಕೆ ಅಂಟಿಕೊಂಡ ಕೊಬ್ಬು ಬದಲಾಗುತ್ತದೆ. ಗೋಡೆಯಿಂದ ಐಎಲ್-6, ಟಿಎನ್‌ಎಫ್ ಆಲ್ಫಾ ಥರದ ರಾಸಾಯನಿಕ ಸಂಕೇತಗಳು ಹೊರಗೆ ಜಿನುಗುತ್ತವೆ. ಅವು ಎಳೆಯ ಕೊಬ್ಬಿನ ಕೋಶಗಳನ್ನು ಬಲಿಯಲು ಬಿಡುವುದಿಲ್ಲ. ಬಲಿತ ಕೋಶದೊಳಗೆ ದೊಡ್ಡ ಎಣ್ಣೆಹನಿ ಇರುತ್ತದೆ. ಬಲಿಯದಿದ್ದರೆ ಎಣ್ಣೆ ಕಡಿಮೆ, ನೀರಿನ ಪಾಲು ಜಾಸ್ತಿ. ನೀರು ಜಾಸ್ತಿಯಾದರೆ ಸಂಖ್ಯೆ 0 ಕಡೆಗೆ ಸರಿಯುತ್ತದೆ. ಗೋಡೆಯೊಳಗೆ ಪೈಪು ಸೋರಿದರೆ ಹೊರಗಿನ ಸುಣ್ಣದಲ್ಲಿ ತೇವ ಕಾಣುತ್ತದಲ್ಲ, ಹಾಗೆ. ಪೈಪು ನಮಗೆ ಕಾಣುತ್ತಿಲ್ಲ. ತೇವ ಕಾಣುತ್ತಿದೆ.

ಹಾಗಾಗಿ ಮೈನಸ್ 66 ಅನ್ನೋದು ಮೈನಸ್ 85ಕ್ಕಿಂತ ಜಾಸ್ತಿ ಉರಿಯೂತದ ಕಡೆ. ಮೈನಸ್ ಇರುವುದರಿಂದ ತುಂಬಾ ಜನ ಇದನ್ನು ಉಲ್ಟಾ ಓದುತ್ತಾರೆ.

ಬಲ ನಾಳವೇ ಯಾಕೆ ಅಂದರೆ, ಅದರ ಮೊದಲ ಭಾಗದ ಸುತ್ತ ಕೊಬ್ಬು ಚೆನ್ನಾಗಿರುತ್ತದೆ, ಕವಲುಗಳು ಕಡಿಮೆ. ಬುಡದ 10 ಮಿಲಿಮೀಟರ್ ಬಿಟ್ಟು 10ರಿಂದ 50 ಮಿಲಿಮೀಟರ್‌ವರೆಗೆ ಅಳೆಯುತ್ತಾರೆ. ಬುಡ ಬಿಡುವುದು ಹೃದಯದಿಂದ ಹೊರಡುವ ಮಹಾನಾಳ ಅಯೋರ್ಟಾದ ಗೋಡೆ ಲೆಕ್ಕಕ್ಕೆ ಸೇರಬಾರದು ಅಂತ. ನಾಳ ಎಷ್ಟು ದಪ್ಪ ಇದೆಯೋ ಅಷ್ಟೇ ಅಗಲದ ಉಂಗುರದಲ್ಲಿ ಇರುವ ಕೊಬ್ಬನ್ನು ಮಾತ್ರ ತೆಗೆದುಕೊಂಡು ಸರಾಸರಿ ಹಾಕುತ್ತಾರೆ. ಆ ಸರಾಸರಿಯೇ ನಿಮ್ಮ ರಿಪೋರ್ಟಿನ ಎಫ್‌ಎಐ, ಅಂದರೆ ಫ್ಯಾಟ್ ಅಟೆನ್ಯುಯೇಷನ್ ಇಂಡೆಕ್ಸ್. ಅದಕ್ಕಾಗಿ ಬೇರೆ ಸ್ಕ್ಯಾನ್ ಬೇಡ, ಬೇರೆ ಇಂಜೆಕ್ಷನ್ ಬೇಡ. ನಿಮಗೆ ಆಗಲೇ ತೆಗೆದ ಚಿತ್ರದಿಂದಲೇ ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ಮುಂಜಾವು

ಸ್ಕ್ಯಾನ್ ಕೋಣೆ ಅವರೇ, ಗೋಡೆಯ ತೇವದ ಮಾತಿನಿಂದ ಥಟ್ಟನೆ ಅರ್ಥವಾಯಿತು. ಮೈನಸ್ ಸಂಖ್ಯೆ ನೋಡಿ ಕಡಿಮೆ ಅಂದುಕೊಂಡಿದ್ದೆ. ಈಗ ಇನ್ನೂ ಭಯ ಆಗುತ್ತಿದೆ. ಮೈನಸ್ 66 ಎಷ್ಟು ಕೆಟ್ಟದ್ದು?

ಲೆಕ್ಕದ ಪುಸ್ತಕ

ನನ್ನ ಕೆಲಸ ಸಂಖ್ಯಾಶಾಸ್ತ್ರ. ವೈದ್ಯನಲ್ಲ. ಅಪ್ಪನ ಹೃದಯದ ತೊಂದರೆ ಶುರುವಾದ ಮೇಲೆ ಈ ಪೇಪರುಗಳನ್ನೆಲ್ಲ ಕೂತು ಓದಿದೆ. ಗೊತ್ತಿರುವುದನ್ನು ಹೇಳುತ್ತೇನೆ.

ಈ ಅಳತೆ ಮೊದಲು ಬಂದದ್ದು 2017ರಲ್ಲಿ. ಆಕ್ಸ್‌ಫರ್ಡಿನ ಚರಲಾಂಬೋಸ್ ಆಂಟೋನಿಯಾಡೆಸ್ ಅವರ ತಂಡದ ಕೆಲಸ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕೊಬ್ಬಿನ ತುಣುಕನ್ನೂ ಅದೇ ರೋಗಿಯ ಸಿಟಿಯನ್ನೂ ಜೊತೆಗಿಟ್ಟು ನೋಡಿ, ಹೊರಗಿನ ಸಂಖ್ಯೆಗೂ ಒಳಗಿನ ಕೋಶಕ್ಕೂ ಸಂಬಂಧ ತೋರಿಸಿದರು. 2018ರಲ್ಲಿ ಕ್ರಿಸ್ಪ್-ಸಿಟಿ ಅಧ್ಯಯನ ಬಂತು. ಜರ್ಮನಿಯ ಎರ್ಲಾಂಗೆನ್‌ನಲ್ಲಿ 1872 ಜನ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 2040 ಜನ. ಬಲ ನಾಳದ ಸುತ್ತ ಮೈನಸ್ 70.1 ಅಥವಾ ಅದಕ್ಕಿಂತ ಮೇಲೆ ಇದ್ದವರಲ್ಲಿ ಹೃದಯದಿಂದ ಸಾಯುವ ಅಪಾಯ ಮೊದಲ ಗುಂಪಿನಲ್ಲಿ ಸುಮಾರು 9 ಪಟ್ಟು, ಎರಡನೆಯದರಲ್ಲಿ 5ರಿಂದ 6 ಪಟ್ಟು.

"9 ಪಟ್ಟು" ಅಂತ ಓದಿ ಗಾಬರಿಯಾಗಬೇಡಿ. ಇದು ಹೋಲಿಕೆಯ ಸಂಖ್ಯೆ. ಇಂಥ ಗುಂಪುಗಳಲ್ಲಿ ಆ ಅವಧಿಯಲ್ಲಿ ಹೃದಯದಿಂದ ಸತ್ತವರು ತೀರಾ ಕಡಿಮೆ. ಸಣ್ಣ ಅಪಾಯದ ಕೆಲವು ಪಟ್ಟು ಅಂದರೂ ಬಹುಪಾಲು ಜನರಿಗೆ ಏನೂ ಆಗಿಲ್ಲ. ನಿಮ್ಮ ಮೈನಸ್ 66 ಗೆರೆಯ ಆಚೆ ಇದೆ, ನಿಜ. ಆದರೆ ಗೆರೆ ದಾಟಿದ ಕೂಡಲೇ ಬೇರೆ ಲೋಕ ಶುರುವಾಗುವುದಿಲ್ಲ.

2024ರಲ್ಲಿ ಬಂದ ಆರ್ಫನ್ ಅಧ್ಯಯನ ಇನ್ನೂ ದೊಡ್ಡದು. ಬ್ರಿಟನ್ನಿನ 8 ಆಸ್ಪತ್ರೆಗಳಲ್ಲಿ ಸಿಟಿ ಮಾಡಿಸಿಕೊಂಡ 40,091 ಜನ. ಅವರಲ್ಲಿ ಶೇಕಡ 81 ಜನರಿಗೆ ದೊಡ್ಡ ಬ್ಲಾಕ್ ಇರಲಿಲ್ಲ. ಆದರೂ ಹೃದಯಾಘಾತ ಮೊದಲಾದ ದೊಡ್ಡ ಘಟನೆಗಳಲ್ಲಿ ಮೂರರಲ್ಲಿ ಎರಡು ಪಾಲು ನಡೆದದ್ದು ಆ ಗುಂಪಿನಲ್ಲೇ. ಇದನ್ನು ಹೇಳಿ ಹೇಳಿ ಜನರನ್ನು ಹೆದರಿಸುವವರಿದ್ದಾರೆ. ನಾನೇ ಲೆಕ್ಕ ಹಾಕಿ ನೋಡಿದೆ. ಉಳಿದ ಶೇಕಡ 19 ಜನರಲ್ಲಿ ಒಂದು ಪಾಲು ಘಟನೆ ಆಗಿದೆ. ಅಂದರೆ ತಲೆಗೆ ಇಷ್ಟು ಅಂತ ಹಂಚಿದರೆ ಬ್ಲಾಕ್ ಇರುವವರಿಗೇ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ. ಬ್ಲಾಕ್ ಇಲ್ಲದವರ ಸಂಖ್ಯೆ ದೊಡ್ಡದು, ಅದಕ್ಕೇ ಒಟ್ಟು ಘಟನೆ ಅಲ್ಲಿ ಜಾಸ್ತಿ. ಆ ದೊಡ್ಡ ಗುಂಪಿನೊಳಗೆ ಯಾರ ಮೇಲೆ ಕಣ್ಣಿಡಬೇಕು? ಇಲ್ಲಿಯವರೆಗೆ ಅದಕ್ಕೆ ಒಳ್ಳೆಯ ಉತ್ತರ ಇರಲಿಲ್ಲ. ಈ ಅಳತೆಯ ಬೆಲೆ ಇರುವುದು ಅಲ್ಲಿ.

ಇನ್ನೊಂದು ವಿಷಯವನ್ನೂ ಬಚ್ಚಿಡುವುದು ಸರಿಯಲ್ಲ. ಈ ಅಳತೆಯನ್ನು ಸೇವೆಯಾಗಿ ಕೊಡುವ ಕಂಪನಿ ಹುಟ್ಟಿದ್ದೂ ಆಕ್ಸ್‌ಫರ್ಡಿನಿಂದಲೇ. ಸಂಶೋಧಕರಲ್ಲಿ ಕೆಲವರಿಗೆ ಅದರಲ್ಲಿ ಪಾಲಿದೆ. ಪೇಪರಿನಲ್ಲಿ ಅವರೇ ಅದನ್ನು ತೆರೆದು ಹೇಳಿದ್ದಾರೆ. ಅದರಿಂದ ಸಂಶೋಧನೆ ಸುಳ್ಳಾಗುವುದಿಲ್ಲ. ಆದರೆ ಬೇರೆ ತಂಡಗಳೂ ಅಷ್ಟೇ ದೊಡ್ಡ ಮಟ್ಟದಲ್ಲಿ ನೋಡಬೇಕು.

ವಾರ್ಡ್ ರೌಂಡ್ಸ್

ಡ್ಯೂಟಿ ಮುಗಿಯಿತು. ಮುಂಜಾವು ಅವರ ಅಣ್ಣನ ವಿಷಯದಿಂದಲೇ ಶುರು ಮಾಡುತ್ತೇನೆ. ಎಲ್ಲದಕ್ಕೂ ಕೀಲಿ ಅಲ್ಲೇ ಇದೆ.

ಟ್ರೆಡ್‌ಮಿಲ್ ಟೆಸ್ಟ್ ಕೇಳುವುದು ಒಂದೇ ಪ್ರಶ್ನೆ. ಓಡುವಾಗ ಹೃದಯಕ್ಕೆ ಬೇಕಾದಷ್ಟು ರಕ್ತ ಹೋಗುತ್ತಿದೆಯಾ? ನಾಳ ಸಾಕಷ್ಟು ಕಿರಿದಾಗುವವರೆಗೆ ಉತ್ತರ "ಹೌದು" ಅಂತಲೇ ಬರುತ್ತದೆ. ಆದರೆ ಎಷ್ಟೋ ಹೃದಯಾಘಾತಗಳು ನಿಧಾನವಾಗಿ ಕಿರಿದಾಗುತ್ತಾ ಬಂದು ಮುಚ್ಚಿಕೊಂಡದ್ದರಿಂದ ಆಗುವುದಿಲ್ಲ. ಸಣ್ಣ ಪ್ಲಾಕ್ ಒಂದು ಇದ್ದಕ್ಕಿದ್ದಂತೆ ಬಿರಿಯುತ್ತದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಕೆಲವೇ ನಿಮಿಷದಲ್ಲಿ ದಾರಿ ಮುಚ್ಚಿಹೋಗುತ್ತದೆ. ಹಿಂದಿನ ದಿನ ಅದೇ ನಾಳದಲ್ಲಿ ರಕ್ತ ಸಲೀಸಾಗಿ ಹರಿಯುತ್ತಿತ್ತು.

ಪ್ಲಾಕ್ ಬಿರಿಯುವುದು ಯಾಕೆ? ಪ್ಲಾಕ್ ಒಳಗೆ ಕೊಬ್ಬಿನ ತಿರುಳು, ಮೇಲೆ ನಾರಿನ ಮುಚ್ಚಳ. ಕೊಲೆಸ್ಟರಾಲ್ ಗೋಡೆಯೊಳಗೆ ನುಗ್ಗಿದಾಗ ಅದನ್ನು ತಿಂದು ತೆಗೆಯಲು ಮ್ಯಾಕ್ರೋಫೇಜ್ ಅನ್ನೋ ಬಿಳಿ ರಕ್ತಕಣಗಳು ಬರುತ್ತವೆ. ತಿಂದು ತಿಂದು ಅಲ್ಲೇ ಉಬ್ಬಿ ಸಾಯುತ್ತವೆ. ಅವು ಬಿಡುವ ಕಿಣ್ವಗಳು ಆ ಮುಚ್ಚಳದ ನಾರನ್ನೇ ಕರಗಿಸುತ್ತವೆ. ಮುಚ್ಚಳ ತೆಳ್ಳಗಾಗುತ್ತಾ ಹೋಗುತ್ತದೆ. ಇದೇ ಉರಿಯೂತ. ಇದಕ್ಕೆ ರೋಗಾಣು ಬೇಕಿಲ್ಲ, ಜ್ವರ ಬರುವುದಿಲ್ಲ, ನೋವೂ ಇಲ್ಲ. "ನಾಳ ಮುಚ್ಚುವುದು ಕೊಬ್ಬು ಕಟ್ಟಿಕೊಂಡು" ಅಂತ ಪೈಪಿನ ಚಿತ್ರ ಬರೆದು ಜನರಿಗೆ ಹೇಳುತ್ತಾ ಬಂದವರು ನಾವೇ ವೈದ್ಯರು. ಆ ಚಿತ್ರ ಅರ್ಧ ಸತ್ಯ ಅಷ್ಟೇ. ಇದು ಉರಿಯೂತದ ಕಾಯಿಲೆ ಅಂತ 1999ರಲ್ಲೇ ರಸೆಲ್ ರಾಸ್ ಸ್ಪಷ್ಟವಾಗಿ ಬರೆದಿದ್ದರು.

ಕ್ಯಾಲ್ಸಿಯಂ ಸ್ಕೋರ್ ಇದನ್ನು ಹೇಳುವುದಿಲ್ಲವಾ ಅಂತ ಕೇಳಬಹುದು. ಕ್ಯಾಲ್ಸಿಯಂ ಅಂದರೆ ಹಳೆಯ ಗಾಯದ ಕಲೆ. ಎಷ್ಟು ವರ್ಷದಿಂದ ಕಾಯಿಲೆ ನಡೆದಿದೆ ಅನ್ನೋದಕ್ಕೆ ಒಳ್ಳೆಯ ಸಾಕ್ಷಿ. ಇವತ್ತು ಉರಿ ಇದೆಯಾ ಇಲ್ಲವಾ ಅಂತ ಅದು ಹೇಳಲಾರದು.

ರಕ್ತದಲ್ಲಿ ಎಚ್‌ಎಸ್-ಸಿಆರ್‌ಪಿ ಅಳೆಯುತ್ತೇವೆ. ಉರಿಯೂತ ಇದ್ದರೆ ಏರುವ ಪ್ರೋಟೀನ್ ಅದು. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 3ಕ್ಕಿಂತ ಮೇಲಿದ್ದರೆ ಜಾಸ್ತಿ. ಆದರೆ ಅದು ಇಡೀ ದೇಹದ ಲೆಕ್ಕ. ಹಲ್ಲಿನ ವಸಡು ಊದಿದರೂ ಏರುತ್ತದೆ, ನೆಗಡಿಯಾದರೂ ಏರುತ್ತದೆ. ಊರಲ್ಲಿ ಎಲ್ಲೋ ಹೊಗೆ ಇದೆ ಅಂತ ಗೊತ್ತಾಗುತ್ತದೆ, ಯಾವ ಮನೆ ಅಂತ ಗೊತ್ತಾಗುವುದಿಲ್ಲ. ಎಫ್‌ಎಐ ಮನೆಯ ಬಾಗಿಲಿಗೆ ಕರೆದುಕೊಂಡು ಹೋಗುತ್ತದೆ.

ನೀಲಿಪೆನ್ನು

ಪೆಟ್ ಸ್ಕ್ಯಾನ್ ಉರಿಯೂತ ತೋರಿಸುತ್ತದೆ ಅಂತ ಕೇಳಿದ್ದೆ. ಅದನ್ನೇ ಮಾಡಿಸಿದರೆ ನೇರವಾಗಿ ಗೊತ್ತಾಗುವುದಿಲ್ಲವಾ?

ಸ್ಕ್ಯಾನ್ ಕೋಣೆ

ದೊಡ್ಡ ನಾಳಗಳಲ್ಲಿ ಚೆನ್ನಾಗಿ ತೋರಿಸುತ್ತದೆ. ಅಯೋರ್ಟಾ, ಕತ್ತಿನ ನಾಳ ಇವುಗಳಲ್ಲಿ. ಪೆಟ್‌ನಲ್ಲಿ ಕೊಡುವುದು ಎಫ್‌ಡಿಜಿ, ವಿಕಿರಣದ ಗುರುತು ಹಾಕಿದ ಸಕ್ಕರೆ. ಉರಿಯೂತದ ಕೋಶಗಳು ಅದನ್ನು ಜಾಸ್ತಿ ಹೀರುತ್ತವೆ. ಕಷ್ಟ ಏನೆಂದರೆ ಹೃದಯದ ಸ್ನಾಯುವೂ ಹೀರುತ್ತದೆ. ಅದರ ಹೊಳಪಿನಲ್ಲಿ ಪಕ್ಕದ ಸಣ್ಣ ನಾಳ ಮುಚ್ಚಿಹೋಗುತ್ತದೆ. ಮೇಲಾಗಿ ಕೊರೊನರಿ ನಾಳದ ಅಗಲ ಮೂರು ನಾಲ್ಕು ಮಿಲಿಮೀಟರ್, ಅದೂ ಪ್ರತಿ ಬಡಿತಕ್ಕೆ ಕುಣಿಯುತ್ತಿರುತ್ತದೆ.

ಸೋಡಿಯಂ ಫ್ಲೋರೈಡ್ ಬಳಸುವ ಇನ್ನೊಂದು ಪೆಟ್ ಇದೆ. ಅದನ್ನು ಹೃದಯದ ಸ್ನಾಯು ಹೀರುವುದಿಲ್ಲ. ಎಡಿನ್‌ಬರೋ ತಂಡ 2014ರಲ್ಲಿ ಹೃದಯಾಘಾತ ಆದ 40 ಜನರನ್ನು ನೋಡಿದಾಗ 37 ಜನರಲ್ಲಿ ತೊಂದರೆ ಮಾಡಿದ ಪ್ಲಾಕೇ ಹೊಳೆಯುತ್ತಿತ್ತು. ಆದರೆ ಅದು ಹಿಡಿಯುವುದು ಆಗತಾನೇ ಕೂಡುತ್ತಿರುವ ಸೂಕ್ಷ್ಮ ಕ್ಯಾಲ್ಸಿಯಂ ಅನ್ನು, ಉರಿಯೂತವನ್ನು ನೇರವಾಗಿ ಅಲ್ಲ. ನಾಳದೊಳಗೇ ತಂತಿ ಹಾಕಿ ಬೆಳಕಿನಿಂದ ನೋಡುವ ಒಸಿಟಿ ಕೂಡ ಇದೆ. ಮುಚ್ಚಳ ಎಷ್ಟು ತೆಳ್ಳಗಿದೆ ಅಂತ ಅದರಲ್ಲಿ ಅಳೆಯಬಹುದು. ಆದರೆ ಅದು ಕ್ಯಾಥ್ ಲ್ಯಾಬಿನ ಕೆಲಸ. ಬ್ಲಾಕ್ ಇಲ್ಲದವರಿಗೆ ಸುಮ್ನೆ ಅದನ್ನು ಮಾಡುವುದಿಲ್ಲ.

ಕೀಲುಗಳ ಗೆಳತಿ

ನನಗೆ 19 ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್. ಇಷ್ಟು ವರ್ಷ ನನ್ನ ಲೋಕವೆಲ್ಲ ಬೆರಳು, ಮಣಿಕಟ್ಟು, ಮೊಣಕಾಲು. ಹೃದಯದ ಬಗ್ಗೆ ಒಬ್ಬರೂ ಒಂದು ಮಾತು ಹೇಳಿರಲಿಲ್ಲ. ಹೋದ ವರ್ಷ ಹೊಸ ಡಾಕ್ಟರೊಬ್ಬರು "ನಿಮ್ಮ ಕಾಯಿಲೆಯೇ ನಾಳಕ್ಕೆ ಅಪಾಯ" ಅಂದಾಗ ಗಾಬರಿಯಾದೆ. ಆಮೇಲೆ ಸಿಟ್ಟು ಬಂತು, ಇದನ್ನು ಮೊದಲೇ ಹೇಳಬಾರದಿತ್ತಾ ಅಂತ. ಕೀಲಿನ ಉರಿಯೂತಕ್ಕೂ ನಾಳದ ಉರಿಯೂತಕ್ಕೂ ಸಂಬಂಧ ಇದೆಯಾ ಡಾಕ್ಟರೇ?

ವಾರ್ಡ್ ರೌಂಡ್ಸ್

ಇದೆ ಮೇಡಂ. ನಿಮ್ಮ ಸಿಟ್ಟು ನ್ಯಾಯವಾದದ್ದು. ರುಮಟಾಯ್ಡ್, ಸೋರಿಯಾಸಿಸ್, ಲೂಪಸ್ ಇರುವವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಅನ್ನೋದು ಚೆನ್ನಾಗಿ ಗೊತ್ತಿರುವ ಸಂಗತಿ. ಕೊಲೆಸ್ಟರಾಲ್ ಸಾಧಾರಣ ಇದ್ದರೂ ಹಾಗೆ. ದೇಹದಲ್ಲಿ ಸದಾ ಹರಿಯುವ ಉರಿಯೂತದ ಸಂಕೇತಗಳು ನಾಳದ ಗೋಡೆಯನ್ನೂ ಬಿಡುವುದಿಲ್ಲ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಮೂರನ್ನೂ ನಿಮ್ಮಂಥವರಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿ ನೋಡಬೇಕು.

ಇಲ್ಲಿ ಸಮಾಧಾನದ ವಿಷಯವೂ ಇದೆ. ಸೋರಿಯಾಸಿಸ್‌ಗೆ ಬಯಾಲಜಿಕ್ ಔಷಧ (ಉರಿಯೂತದ ಸಂಕೇತಗಳನ್ನೇ ತಡೆಯುವ ಇಂಜೆಕ್ಷನ್) ತೆಗೆದುಕೊಂಡವರ ಮೇಲೆ 2019ರಲ್ಲಿ ಒಂದು ಅಧ್ಯಯನ ಬಂತು. ಒಂದು ವರ್ಷದಲ್ಲಿ ಅವರ ಕೊರೊನರಿ ಸುತ್ತಲಿನ ಎಫ್‌ಎಐ ಕೆಳಗಿಳಿದಿತ್ತು. ಚರ್ಮಕ್ಕೆ ಕೊಟ್ಟ ಔಷಧದಿಂದ ಹೃದಯದ ನಾಳದ ಉರಿ ತಗ್ಗಿದೆ ಅನ್ನೋ ಸುಳಿವು ಅದು. ಓದಿದ ದಿನ ನನಗೆ ಬಹಳ ಸಂತೋಷ ಆಯಿತು.

ಪುಟಾಣಿಯ ಅಮ್ಮ

ಮಕ್ಕಳಲ್ಲೂ ಕೊರೊನರಿ ಉರಿಯೂತ ಬರುತ್ತದೆ ಅಂತ ಎಷ್ಟು ಜನರಿಗೆ ಗೊತ್ತು? ನನ್ನ ಮಗಳಿಗೆ ಎರಡೂವರೆ ವರ್ಷ ಇದ್ದಾಗ ಆರು ದಿನ ಜ್ವರ ಬಿಡಲಿಲ್ಲ. ಕಣ್ಣು ಕೆಂಪು, ತುಟಿ ಒಡೆದಿತ್ತು, ನಾಲಿಗೆ ಕೆಂಪಗಾಗಿತ್ತು. ಮೊದಲು ತೋರಿಸಿದ ಕಡೆ ವೈರಲ್ ಜ್ವರ ಅಂತ ಕಳಿಸಿದರು. ಎರಡನೇ ಡಾಕ್ಟರು ಕೈ ಊದಿದ್ದನ್ನು ನೋಡಿ ಕವಾಸಾಕಿ ಅಂದರು, ಚಿಕ್ಕ ಮಕ್ಕಳ ರಕ್ತನಾಳಗಳಿಗೆ ಉರಿಯೂತ ತರುವ ಕಾಯಿಲೆ. ಎಕೋ ಮಾಡಿದರು, ಇಮ್ಯುನೋಗ್ಲಾಬುಲಿನ್ ಕೊಟ್ಟರು. ನಾಳ ಉಬ್ಬಿರಲಿಲ್ಲ. ಇವತ್ತು ಅವಳು ಎಲ್ಲರಂತೆ ಓಡಾಡುತ್ತಾಳೆ. ಐದು ದಿನ ದಾಟಿದ ಜ್ವರವನ್ನು ಯಾರೂ ಸುಮ್ನೆ ಬಿಡಬೇಡಿ.

ವಾರ್ಡ್ ರೌಂಡ್ಸ್

ಅಮ್ಮ, ಇದನ್ನು ಬರೆದದ್ದಕ್ಕೆ ಧನ್ಯವಾದ. ಚಿಕಿತ್ಸೆ ಸಿಗದಿದ್ದರೆ ಕವಾಸಾಕಿಯಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮಗುವಿನ ಕೊರೊನರಿ ನಾಳಕ್ಕೆ ಹಾನಿಯಾಗುತ್ತದೆ. ಮೊದಲ ಹತ್ತು ದಿನದೊಳಗೆ ಇಮ್ಯುನೋಗ್ಲಾಬುಲಿನ್ ಕೊಟ್ಟರೆ ಅದು ಶೇಕಡ 4ರ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ಉರಿಯೂತ ನೇರವಾಗಿ ನಾಳದ ಮೇಲೇ ಬೀಳುತ್ತದೆ. ಪ್ಲಾಕಿನ ಕಥೆಗಿಂತ ಅದು ಬೇರೆ.

ನೀಲಿಪೆನ್ನು

ಹಾಗಾದರೆ ಉರಿಯೂತ ಕಡಿಮೆ ಮಾಡುವ ಔಷಧ ಕೊಟ್ಟರೆ ಮುಗಿಯಿತಲ್ಲ? ಕಾಲ್ಚಿಸಿನ್ ಅಂತ ಎಲ್ಲೋ ಓದಿದೆ. ಮುಂಜಾವು ಅವರು ಅದನ್ನೇ ಶುರು ಮಾಡಬಹುದಾ?

ಲೆಕ್ಕದ ಪುಸ್ತಕ

ದಯವಿಟ್ಟು ಬೇಡ. ಯಾಕೆ ಅಂತ ಹೇಳುತ್ತೇನೆ.

2017ರ ಕ್ಯಾಂಟೋಸ್ ಪ್ರಯೋಗದಲ್ಲಿ 10,061 ಜನ ಇದ್ದರು. ಎಲ್ಲರಿಗೂ ಹಿಂದೆ ಹೃದಯಾಘಾತ ಆಗಿತ್ತು, ಸಿಆರ್‌ಪಿ 2 ಅಥವಾ ಅದಕ್ಕಿಂತ ಮೇಲಿತ್ತು. ಕೆನಕಿನುಮಾಬ್ ಅನ್ನೋ ಇಂಜೆಕ್ಷನ್ ಕೊಟ್ಟರು. ಅದು ಕೊಲೆಸ್ಟರಾಲನ್ನು ಮುಟ್ಟುವುದೇ ಇಲ್ಲ, ಉರಿಯೂತದ ಒಂದು ದಾರಿಯನ್ನು ಮಾತ್ರ ತಡೆಯುತ್ತದೆ. 150 ಮಿಲಿಗ್ರಾಂ ಡೋಸಿನಲ್ಲಿ ಘಟನೆಗಳು ಶೇಕಡ 15 ಕಡಿಮೆಯಾದವು. ಉರಿಯೂತ ಬರೀ ಸಾಕ್ಷಿಯಲ್ಲ, ಅಪರಾಧದಲ್ಲೂ ಪಾಲುದಾರ ಅಂತ ಅಲ್ಲಿ ಗಟ್ಟಿಯಾಯಿತು. ಆದರೆ ಔಷಧ ಪಡೆದವರಲ್ಲಿ ಸೋಂಕಿನಿಂದ ಸಾವು ಜಾಸ್ತಿಯಾಯಿತು. ಹೃದಯಕ್ಕಾಗಿ ಅದು ಬಳಕೆಗೆ ಬರಲಿಲ್ಲ.

ಕಾಲ್ಚಿಸಿನ್ ಗೌಟ್ ಅನ್ನೋ ಕೀಲುನೋವಿಗೆ ಕೊಡುವ ಹಳೆಯ ಮಾತ್ರೆ. 2020ರ ಲೊಡೊಕೊ2 ಪ್ರಯೋಗದಲ್ಲಿ 5522 ಜನ. ದಿನಕ್ಕೆ 0.5 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಶೇಕಡ 6.8 ಜನರಿಗೆ ತೊಂದರೆ ಆಯಿತು, ಬರೀ ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇಕಡ 9.6. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮರುವರ್ಷವೇ 7062 ಜನರ ಕ್ಲಿಯರ್ ಸಿನರ್ಜಿ ಪ್ರಯೋಗದ ಫಲಿತಾಂಶ ಬಂತು. ಹೃದಯಾಘಾತ ಆದ ಕೂಡಲೇ ಕೊಟ್ಟರೆ ಲಾಭ ಕಾಣಲಿಲ್ಲ. ಇವೆಲ್ಲ ಕಾಯಿಲೆ ಆಗಲೇ ಖಚಿತವಾದವರ ಮೇಲೆ ನಡೆದ ಪ್ರಯೋಗಗಳು. ಎಫ್‌ಎಐ ಜಾಸ್ತಿ ಇದೆ ಅಂತ ಆರಿಸಿ ಔಷಧ ಕೊಟ್ಟು ನಡೆಸಿದ ಪ್ರಯೋಗಗಳಲ್ಲ.

ವಾರ್ಡ್ ರೌಂಡ್ಸ್

ಇದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಕಿಡ್ನಿ ಸರಿಯಿಲ್ಲದವರಿಗೆ ಕಾಲ್ಚಿಸಿನ್ ವಿಷವಾಗಬಹುದು. ಕ್ಲಾರಿಥ್ರೊಮೈಸಿನ್ ಥರದ ಆಂಟಿಬಯಾಟಿಕ್ ಜೊತೆ ಸೇರಿದರೆ ಪ್ರಾಣಕ್ಕೇ ಕುತ್ತು. ಯಾರೂ ಸ್ವಂತವಾಗಿ ತೆಗೆದುಕೊಳ್ಳಬೇಡಿ.

ಸ್ಟ್ಯಾಟಿನ್ ಬಗ್ಗೆ ಧೈರ್ಯವಾಗಿ ಮಾತಾಡಬಹುದು. ಅದು ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟರಾಲನ್ನು ಇಳಿಸುತ್ತದೆ, ಉರಿಯೂತವನ್ನೂ ತಗ್ಗಿಸುತ್ತದೆ. 2008ರ ಜುಪಿಟರ್ ಪ್ರಯೋಗ ಇದಕ್ಕೆ ಸಾಕ್ಷಿ. 17,802 ಜನ, ಎಲ್‌ಡಿಎಲ್ 130ಕ್ಕಿಂತ ಕಡಿಮೆ, ಆದರೆ ಸಿಆರ್‌ಪಿ 2 ಅಥವಾ ಜಾಸ್ತಿ. ರೋಸುವಾಸ್ಟಾಟಿನ್ 20 ಮಿಲಿಗ್ರಾಂ ಕೊಟ್ಟಾಗ ಘಟನೆಗಳು ಶೇಕಡ 44 ತಗ್ಗಿದವು. ಮುಂಜಾವು ಅವರೇ, ನಿಮಗೆ ಪ್ಲಾಕ್ ಇದೆ, ಮನೆಯಲ್ಲಿ ಇತಿಹಾಸ ಇದೆ. ಎಫ್‌ಎಐ ಸಾಲು ಇಲ್ಲದಿದ್ದರೂ ಸ್ಟ್ಯಾಟಿನ್ ಮಾತು ಬರುತ್ತಿತ್ತು. ಈ ಸಾಲು ಆ ಮಾತಿಗೆ ತೂಕ ಕೊಡುತ್ತದೆ. ಸಿಗರೇಟು ಇದ್ದರೆ ಬಿಡಿ. ನಾಳದ ಉರಿಯೂತಕ್ಕೆ ಅಷ್ಟು ನೇರವಾಗಿ ಸೌದೆ ಹಾಕುವುದು ಇನ್ನೊಂದಿಲ್ಲ.

ಡಾಕ್ಟರಿಗೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಬ್ಲಾಕ್ ಇಲ್ಲದೆ ಮೆಟ್ಟಿಲಲ್ಲಿ ಎದೆ ಬಿಗಿಯುವುದು ಯಾಕೆ? ಸಿಟಿಯಲ್ಲಿ ಕಾಣದಷ್ಟು ಸಣ್ಣ ನಾಳಗಳ ತೊಂದರೆಯಿಂದಲೂ ಹಾಗಾಗುತ್ತದೆ. ಅದೂ ನಿಜವಾದ ಕಾಯಿಲೆಯೇ. "ಬ್ಲಾಕ್ ಇಲ್ಲ, ಮನೆಗೆ ಹೋಗಿ" ಅಂದರೆ ಒಪ್ಪಬೇಡಿ.

ಮುಂಜಾವು

ಡಾಕ್ಟರನ್ನು ನೋಡಿ ಬಂದೆ. ನಿಮ್ಮೆಲ್ಲರ ಮಾತು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅರ್ಧ ಗಂಟೆ ಕೂತು ಮಾತಾಡಿದರು. ಎಲ್‌ಡಿಎಲ್ 138, ಎಚ್‌ಎಸ್-ಸಿಆರ್‌ಪಿ 2.9. ಸ್ಟ್ಯಾಟಿನ್ ಶುರು ಮಾಡಿದ್ದಾರೆ. ಬಿಪಿ ಸ್ವಲ್ಪ ಜಾಸ್ತಿ ಇತ್ತು, ಅದಕ್ಕೂ ಮಾತ್ರೆ. ಸಣ್ಣ ನಾಳಗಳ ಪರೀಕ್ಷೆಗೆ ಬೇರೆ ದಿನ ಕೊಟ್ಟಿದ್ದಾರೆ. ದಿನಕ್ಕೆ ನಾಲ್ಕೈದು ಸಿಗರೇಟು ಸೇದುತ್ತಿದ್ದೆ. ಇಲ್ಲಿ ಮೊದಲೇ ಹೇಳಬೇಕಿತ್ತು. ಹನ್ನೊಂದು ದಿನ ಆಯಿತು, ಮುಟ್ಟಿಲ್ಲ.

ಇನ್ನೆರಡು ಪ್ರಶ್ನೆ ಉಳಿದಿವೆ. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸಿ ಎಫ್‌ಎಐ ಇಳಿದಿದೆಯಾ ನೋಡಬಹುದಾ? ಹೃದಯಾಘಾತ ಆದಾಗ ಅಣ್ಣನಿಗೆ ಕೈಯಿಂದ ತಂತಿ ಹಾಕಿ ಮಾಡಿದ ಆಂಜಿಯೋಗ್ರಾಮ್ ಸಿಡಿ ನಮ್ಮ ಬಳಿ ಇದೆ. ಅದರಲ್ಲಿ ಅವನ ಕೊಬ್ಬನ್ನು ಈಗ ಅಳೆಯಬಹುದಾ?

ಸ್ಕ್ಯಾನ್ ಕೋಣೆ

ಹನ್ನೊಂದು ದಿನ! ತುಂಬಾ ಸಂತೋಷ ಆಯಿತು.

ಮತ್ತೆ ಸ್ಕ್ಯಾನ್ ಅನ್ನೋದನ್ನು ಡಾಕ್ಟರೇ ಹೇಳಲಿ. ವಿಕಿರಣ ಇದೆ, ಅಯೋಡಿನ್ ಔಷಧ ಇದೆ, ಕಿಡ್ನಿಗೆ ಕೆಲಸ. ಬರೀ ಒಂದು ಸಂಖ್ಯೆ ನೋಡುವ ಆಸೆಗೆ ಅದು ಬೇಡ. ಮಾಡಿಸುವ ಸಂದರ್ಭ ಬಂದರೆ ಒಂದು ವಿಷಯ ನೆನಪಿರಲಿ. ಟ್ಯೂಬಿನ ವೋಲ್ಟೇಜ್ ಬದಲಾದರೆ ಕೊಬ್ಬಿನ ಸಂಖ್ಯೆಯೂ ಬದಲಾಗುತ್ತದೆ. 120 ಕಿಲೋವೋಲ್ಟಿನಲ್ಲಿ ಬಂದದ್ದನ್ನೂ 100ರಲ್ಲಿ ಬಂದದ್ದನ್ನೂ ಸರಿಪಡಿಸದೆ ಹೋಲಿಸಿದರೆ ದಾರಿ ತಪ್ಪುತ್ತದೆ. ಎದೆಬಡಿತ ಜೋರಾಗಿದ್ದು ಚಿತ್ರ ಅಲುಗಿದರೂ ಅಷ್ಟೇ. ಹೊಸ ಲೆಕ್ಕಗಳಲ್ಲಿ ವಯಸ್ಸು, ಲಿಂಗ, ಸ್ಕ್ಯಾನ್ ಮಾಡಿದ ರೀತಿ ಎಲ್ಲ ಸೇರಿಸಿ ಸ್ಕೋರ್ ಕೊಡುತ್ತಾರೆ. ನಿಮ್ಮ ರಿಪೋರ್ಟಿನಲ್ಲಿರುವುದು ಬರೀ ಸಂಖ್ಯೆಯಾ, ಸರಿಪಡಿಸಿದ ಸ್ಕೋರಾ ಅಂತ ಒಮ್ಮೆ ಕೇಳಿ.

ಅಣ್ಣನ ಸಿಡಿಯಲ್ಲಿ ಆಗುವುದಿಲ್ಲ. ತಂತಿ ಹಾಕಿ ಮಾಡುವ ಆಂಜಿಯೋಗ್ರಾಮ್ ಅಂದರೆ ಎಕ್ಸ್‌ರೇ ವಿಡಿಯೋ. ನಾಳದೊಳಗೆ ಹರಿಯುವ ಔಷಧದ ನೆರಳು ಮಾತ್ರ ಅದರಲ್ಲಿ ಇರುತ್ತದೆ. ಗೋಡೆಯೂ ಕಾಣುವುದಿಲ್ಲ, ಗೋಡೆಯಾಚೆಯ ಕೊಬ್ಬೂ ಕಾಣುವುದಿಲ್ಲ. ಎಂದಾದರೂ ಅವರಿಗೆ ಸಿಟಿ ಕೊರೊನರಿ ಆಂಜಿಯೋಗ್ರಾಮ್ ಮಾಡಿದ್ದರೆ ಅದರಿಂದ ಈಗಲೂ ಲೆಕ್ಕ ಹಾಕಲು ಬರುತ್ತದೆ. ಕಾಗದದ ಫಿಲ್ಮ್ ಸಾಲದು, ಮೂಲ ಚಿತ್ರಗಳ ಫೈಲೇ ಬೇಕು. ಸ್ಟೆಂಟ್ ಹಾಕಿದ ಜಾಗದಲ್ಲಿ ಲೋಹದ ಹೊಳಪು ಅಡ್ಡ ಬರುತ್ತದೆ.

ಮುಂಜಾವು

ಅಣ್ಣನಿಗೆ ಸಿಟಿ ಯಾವತ್ತೂ ಮಾಡಿಲ್ಲ. ಟ್ರೆಡ್‌ಮಿಲ್ ಒಂದೇ. ಈ ಚರ್ಚೆಯನ್ನು ಅವನಿಗೆ ನಿನ್ನೆ ಓದಿ ಹೇಳಿದೆ. ಗೋಡೆಯ ತೇವದ ಕಡೆ ಬಂದಾಗ ಮತ್ತೊಮ್ಮೆ ಓದು ಅಂದ. ಅವನಿಗೆ 24 ವರ್ಷದ ಮಗ ಇದ್ದಾನೆ. ಇವತ್ತು ಬೆಳಿಗ್ಗೆ ಅಣ್ಣನೇ ಮಗನನ್ನು ಕರೆದುಕೊಂಡು ಹೋಗಿ ಅವನ ಎಲ್‌ಡಿಎಲ್ ಪರೀಕ್ಷೆ ಮಾಡಿಸಿದ್ದಾನೆ. ರಿಪೋರ್ಟ್ ಬಂದಮೇಲೆ ಇಲ್ಲಿ ಹಾಕುತ್ತೇನೆ.